ಮಾವನ ಬಾಳೆಯೂ ನನ್ನ ಸುಣ್ಣವೂ

ಓದಿದ್ದನ್ನು ಮಕ್ಕಳಿಗೆ ಹೇಳಿ ಸುಮ್ಮನಾಗುವ ಮಾಸ್ತರರು ಪುಣ್ಯವಂತರು. ನನಗೋ ಅದನ್ನು ಹೆಂಡತಿಯ ತವರಿನಲ್ಲಿ ಪ್ರಯೋಗ ಮಾಡಿ ನೋಡುವ ಚಟ. ನಿಜಾಮರ ಕಾಲ; ಕಲಬುರಗಿಯ ಶಾಲೆಯೊಂದರಲ್ಲಿ ಉರ್ದುವಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರಂಜಕವೆಂಬ ವಸ್ತು ಮಣ್ಣಿನಿಂದ ಗಿಡಕ್ಕೆ, ಗಿಡದಿಂದ ನಮ್ಮ ಎಲುಬಿಗೆ, ಎಲುಬಿನಿಂದ ಮರಳಿ ಮಣ್ಣಿಗೆ ತಿರುಗುತ್ತದೆ ಎಂದು ಪಾಠ ಹೇಳುವಾಗಲೆಲ್ಲ ಕಮಲಾಪುರದ ಮಾವನವರ ತೋಟ ಕಣ್ಣ ಮುಂದೆ ಬರುತ್ತಿತ್ತು. ಅವರ ಕೆಂಪು ಬಾಳೆ ಎರಡು ವರ್ಷದಿಂದ ಸೊರಗಿತ್ತು. ಕಿತ್ತು ಜೋಳ ಬಿತ್ತುತ್ತೇನೆ ಎನ್ನುತ್ತಿದ್ದರು, ಕೀಳುತ್ತಿರಲಿಲ್ಲ; ಎಲ್ಲವೂ ಅವರ ಅಪ್ಪ ನೆಟ್ಟ ಬಾಳೆಯ ಮರಿಗಳು. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಕಲಬುರಗಿ ಸ್ಟೇಷನ್ನಿನ ಹಿಂದೆ ದನದೆಲುಬಿನ ರಾಶಿ ವ್ಯಾಗನ್ನಿಗಾಗಿ ಕಾದು ಬಿದ್ದಿರುತ್ತಿತ್ತು. ಅದರಿಂದ ಒಂದು ಚೀಲ ಹಿಟ್ಟು ಮಾಡಿಸಿಕೊಂಡು ಬಂಡಿ ಹತ್ತಿದೆ. ಆದರೆ ಕೋಳಿತತ್ತಿ ಎಂಬ ಮಾತೂ ಹೊಸ್ತಿಲು ದಾಟದ ಲಿಂಗಾಯತರ ಮನೆ ಮಾವನವರದು. "ಏನ್ರೀ ಮಾಸ್ತರ ಇದು?" ಎಂದು ಮಾವ ಕೇಳಿದೊಡನೆ ನನ್ನ ವಿಜ್ಞಾನವೆಲ್ಲ ಬಾಯಲ್ಲೇ ಒಣಗಿ, "ಸುಣ್ಣ" ಎಂದುಬಿಟ್ಟೆ. ನಸುಕಿನಲ್ಲೇ ಎದ್ದು ಗುಟ್ಟಾಗಿ ಬಾಳೆಯ ಬುಡಕ್ಕೆ ಹಾಕುವುದು ನನ್ನ ಹಂಚಿಕೆ. ಎಚ್ಚರವಾದದ್ದು ಬಿಸಿಲೇರಿದ ಮೇಲೆ. ಚೀಲವಿಲ್ಲ! ತೋಟಕ್ಕೆ ಓಡಿದೆ. ಬಾಳೆಯ ನಡುವೆ ಮಾವನವರ ಅಪ್ಪನನ್ನು ಮಣ್ಣು ಮಾಡಿದ ಸಮಾಧಿಯಿದೆ. ಮಾವ ಅದಕ್ಕೆ ನನ್ನ 'ಸುಣ್ಣ' ಬಳಿಯುತ್ತಿದ್ದರು.

"ಎಂಥಾ ಸುಣ್ಣ ತಂದೀರಿ? ಗ್ವಾಡಿಗಿ ಹತ್ತವಲ್ದು, ಮ್ಯಾಲ ನಾತ ಬ್ಯಾರೆ." ಸುಳ್ಳು ಮುಂದುವರಿಸಲು ಮನಸ್ಸಾಗಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದೆ. ಮಾವ ಕುಂಚ ಕೆಳಗಿಟ್ಟು ಸಮಾಧಿಯತ್ತ ತಿರುಗಿದರು. ಇನ್ನು ಈ ಮನೆಯ ನೀರೂ ನನಗಿಲ್ಲ ಎಂದುಕೊಂಡೆ. "ಎಲುಬು ಮಣ್ಣಾಗಿ ಬಾಳಿಗಿಡಕ್ಕ ಹೋಗ್ತದಂತೀರಿ?" "ಹೌದ್ರಿ." "ಹಂಗಾದ್ರ ನಮ್ಮಪ್ಪ ಇಷ್ಟು ವರ್ಷ ಒಬ್ಬನೇ ದುಡಿಲಾಕತ್ತಾನ." ಕೊಡ ಕೊಡ ನೀರು ತಂದು ಸಮಾಧಿ ತೊಳೆದರು. ಬಿಳಿ ನೀರು ಬಾಳೆಯ ಪಾತಿಗೆ ಹರಿಯಿತು. ಅದನ್ನು ಅವರು ತಡೆಯಲಿಲ್ಲ.

ಮರುವರ್ಷ ಸಮಾಧಿಯ ಸುತ್ತಲಿನ ಬಾಳೆ ಗೊನೆಯ ಭಾರಕ್ಕೆ ಬಾಗಿತ್ತು. "ನಮ್ಮಪ್ಪನ ಆಶೀರ್ವಾದ" ಎಂದರು ಮಾವ. ವಿಜ್ಞಾನದ ಪ್ರಕಾರವೂ ನಾನು ಅಲ್ಲವೆನ್ನುವಂತಿರಲಿಲ್ಲ. "ನನ್ನ ಮಣ್ಣೂ ಇಲ್ಲೇ, ಅವನ ಎಡಕ್ಕ" ಎಂದು ಜಾಗ ತೋರಿಸಿದರು. ನನ್ನ ಕಣ್ಣು ತುಂಬಿ, "ಬಲಕ್ಕ ನಾ ಬರಲೇನ್ರಿ?" ಎಂದೆ. ಅವರು ನನ್ನ ಕಡ್ಡಿಯಂಥ ಮಣಿಕಟ್ಟು ಹಿಡಿದು ತೂಗಿ ನೋಡಿದರು.

"ನಿಮ್ಮಿಂದ ಒಂದು ಕಾಯೂ ಆಗಂಗಿಲ್ಲ, ಮಾಸ್ತರ. ಮೊದಲ ಈ ಹಣ್ಣು ತಿನ್ರಿ."

ಅಂದಿನಿಂದ ತಿನ್ನುತ್ತಲೇ ಇದ್ದೇನೆ. ಹೋದಾಗಲೆಲ್ಲ ಮಾವ ಮಣಿಕಟ್ಟು ಹಿಡಿದು ನೋಡುತ್ತಾರೆ. ಇನ್ನೂ ಪಾಸು ಮಾಡಿಲ್ಲ.