ಓಕ್ ಮರದ ಜೇಡಕ್ಕೊಂದು ಹೆಸರು

ಜೇಡ ಹಿಡಿಯುವುದೇ ನನ್ನ ಉದ್ಯೋಗ ಎಂದು ಒಪ್ಪಿಕೊಂಡ ಮೇಲೆ, ಮರ್ಯಾದೆಯಾಗಿ ಮನೆಗೆ ಬಂದ ದಿನಗಳು ಕಡಿಮೆ. ಅಮೆರಿಕದ ಆಸ್ಟಿನ್‌ನಲ್ಲಿ ಒಬ್ಬ ಹಿರಿಯ ಪ್ರೊಫೆಸರ್ ಕೈಕೆಳಗೆ, ಮರಗಳ ಮೇಲೆ ಬದುಕುವ ಜೇಡಗಳ ಜಾತಿ ಗುರುತಿಸುವ ಕೆಲಸ ನನ್ನದು. ಅದರಲ್ಲೂ ಬಲೆ ಗಿಲೆ ನೇಯದೆ, ತೊಗಟೆಯ ಮೇಲೆ ಬೆಕ್ಕಿನ ಹಾಗೆ ಹೊಂಚುಹಾಕಿ ಜಿಗಿಯುವ ಜೇಡಗಳು.

ಹೂಸ್ಟನ್ ಪಕ್ಕದ ಕೇಟಿಯಲ್ಲಿ ನನ್ನ ಅಮ್ಮನ ಗೆಳತಿಯೊಬ್ಬರಿದ್ದಾರೆ, ಧಾರವಾಡದವರು. ಅವರ ಹಿತ್ತಲಿನ ಓಕ್ ಮರದಲ್ಲಿ ಒಮ್ಮೆ ಒಂದು ಗಂಡು ಜೇಡ ಸಿಕ್ಕಿತು. ಅಕ್ಕಿಕಾಳಿನಷ್ಟು ಮೈ, ತಾಮ್ರದ ಬಣ್ಣದ ಮುಖ, ಹಣೆಗೆ ವಿಭೂತಿ ಬಳಿದಂತೆ ಬಿಳಿ ಪಟ್ಟೆ. ಯಾವ ಪುಸ್ತಕದಲ್ಲೂ ಅದರ ಚಿತ್ರವಿರಲಿಲ್ಲ. "ಹೊಸ ಜಾತಿ ಇರಬಹುದು. ಇದರ ಹೆಣ್ಣು ಸಿಗುವವರೆಗೆ ಯಾರಿಗೂ ಹೇಳಬೇಡ" ಅಂದರು ಪ್ರೊಫೆಸರ್. ನಾನು ಅಮ್ಮನಿಗೆ ಮಾತ್ರ ಹೇಳಿದೆ. ಸಂಜೆಯೊಳಗೆ ಮೈಸೂರಿನ ಸರಸ್ವತೀಪುರಂಗೆಲ್ಲ ಗೊತ್ತಾಗಿತ್ತು.

ತಲೆಕೆಳಗಾದ ಕೊಡೆ

ಮರದ ಜೇಡ ಹಿಡಿಯಲು ಹಳೆಯದೊಂದು ಉಪಾಯವಿದೆ. ಕೊಡೆಯನ್ನು ತಲೆಕೆಳಗು ಮಾಡಿ ಕೊಂಬೆಯಡಿ ಹಿಡಿದು, ಕೋಲಿನಿಂದ ಕೊಂಬೆಯನ್ನು ತಟ್ಟುವುದು. ಉದುರಿದ್ದೆಲ್ಲ ಕೊಡೆಗೆ.

ಸುಡು ಬೇಸಿಗೆಯಲ್ಲಿ ಆಂಟಿಯ ಹಿತ್ತಲಲ್ಲಿ ಹೀಗೆ ತಟ್ಟುತ್ತಿದ್ದೆ. ಮೈಮೇಲೆ ಏನೂ ಬೀಳದಿರಲಿ ಎಂದು ಆಂಟಿ ದೂರದಲ್ಲಿ ಕೈಮುಗಿದು ನಿಂತಿದ್ದರು. ಬೇಲಿಯಾಚೆಯ ಅಮೆರಿಕನ್ ತಾತ ಇದನ್ನೆಲ್ಲ ಬಹಳ ಹೊತ್ತು ನೋಡಿದ. ಕೊನೆಗೆ, "ಆಕೆ ಏನು ಮಾಡುತ್ತಿದ್ದಾಳೆ?" ಎಂದು ಕೇಳಿದ.

ಜೇಡ ಎಂದರೆ ಔಷಧಿ ಹೊಡೆಯುವವರನ್ನು ಕರೆಸುತ್ತಾನೆ ಎಂಬ ಹೆದರಿಕೆ ಆಂಟಿಗೆ. ತಕ್ಷಣ ಹೊಳೆದದ್ದನ್ನು ಹೇಳಿಬಿಟ್ಟರು. "ಮಳೆಗೆ."

ಆತ ಒಣಗಿದ ತನ್ನ ಹುಲ್ಲುಹಾಸು ನೋಡಿದ, ಆಕಾಶ ನೋಡಿದ. "ಹಾಗಾದರೆ ನಿಲ್ಲಿಸಬೇಡ ಅನ್ನಿ" ಅಂದು ಒಳಗೆ ಹೋದ.

ಮರುದಿನ ಧೋ ಎಂದು ಮಳೆ ಸುರಿಯಿತು. ಈಗಲೂ ಹುಲ್ಲು ಒಣಗಿದರೆ ಸಾಕು, ಆ ಹುಡುಗಿ ಯಾವಾಗ ಬರುತ್ತಾಳೆ ಎಂದು ಆತ ಆಂಟಿಯನ್ನು ವಿಚಾರಿಸುತ್ತಾನೆ.

ಊಟದ ಹೊತ್ತಿನ ಪ್ರಶ್ನೆ

ಆಂಟಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ ಎದುರಿಗಿದ್ದ ಎಂಜಿನಿಯರ್ ಅಂಕಲ್ ನಿಜವಾದ ಆಸಕ್ತಿಯಿಂದಲೇ ಕೇಳಿದರು. "ಅಲ್ಲಮ್ಮ, ಎರಡು ಜೇಡ ನೋಡೋಕೆ ಒಂದೇ ಥರ ಇದ್ರೆ, ಬೇರೆ ಬೇರೆ ಜಾತಿ ಅಂತ ಹೇಗೆ ಕಂಡುಹಿಡೀತೀಯ?"

ಇಷ್ಟು ಒಳ್ಳೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲು ಮನಸ್ಸು ಬರಲಿಲ್ಲ. ಗಂಡು ಹೆಣ್ಣು ಕೂಡುವ ಅಂಗಗಳು ಒಂದೊಂದು ಜಾತಿಯಲ್ಲಿ ಒಂದೊಂದು ಆಕಾರ. ಬೀಗಕ್ಕೆ ತಕ್ಕ ಕೀಲಿಕೈ ಇದ್ದಂತೆ. ನನ್ನ ದಿನದ ಬಹುಭಾಗ ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿ ಚಿತ್ರ ಬರೆಯುವುದರಲ್ಲೇ ಕಳೆಯುತ್ತದೆ ಎಂದು ವಿವರಿಸಿದೆ.

ಕೋಸಂಬರಿ ಬಡಿಸುತ್ತಿದ್ದ ಕೈ ಅಲ್ಲೇ ನಿಂತಿತು. ಅಂಕಲ್ ತಲೆಯೆತ್ತದೆ ಸಾರು ಕಲಸತೊಡಗಿದರು. ಅವರ ಹೆಂಡತಿ ಮೆಲ್ಲಗೆ, "ಇದಕ್ಕೆ ಪಿಎಚ್‌ಡಿ ಕೊಡ್ತಾರೇನಮ್ಮ?" ಅಂದರು.

"ಕೊಡ್ತಾರೆ ಆಂಟಿ."

"ಅಮ್ಮನಿಗೆ ಗೊತ್ತಾ?"

ಅಂದಿನಿಂದ ಆ ಅಂಕಲ್ ನನ್ನನ್ನು ಯಾರಿಗಾದರೂ ಪರಿಚಯಿಸುವಾಗ "ಸಾಫ್ಟ್‌ವೇರ್‌ನಲ್ಲಿದ್ದಾಳೆ" ಅನ್ನುತ್ತಾರೆ.

ಡಲ್ಲಾಸ್‌ನ ಆ್ಯಪ್

ನಿಜವಾಗಿ ಸಾಫ್ಟ್‌ವೇರ್‌ನಲ್ಲಿರುವವನು ನನ್ನ ಕಾಲೇಜಿನ ಗೆಳೆಯ. ಡಲ್ಲಾಸ್ ಹತ್ತಿರ ಲಾಸ್ ಕೊಲಿನಾಸ್‌ನಲ್ಲಿ ಅವನ ಆಫೀಸು. "ವರ್ಷಗಟ್ಟಲೆ ಕಣ್ಣು ಯಾಕೆ ಹಾಳು ಮಾಡ್ಕೋತೀಯ? ಫೋಟೋ ಕೊಡು, ಗುರುತಿಸೋ ಆ್ಯಪ್ ಮಾಡ್ತೀನಿ" ಅಂದ. ನನ್ನಲ್ಲಿದ್ದ ಜೇಡಗಳ ಫೋಟೋಗಳನ್ನೆಲ್ಲ ಕಳಿಸಿದೆ.

ಅದು ಉಳಿದ ಜೇಡಗಳಲ್ಲಿ ಎಡವಿದರೂ, ನನ್ನ ತಾಮ್ರಮುಖದವನನ್ನು ಒಮ್ಮೆಯೂ ತಪ್ಪದೆ ಗುರುತಿಸುತ್ತಿತ್ತು. ಇನ್ನು ನನ್ನ ಕಣ್ಣಿಗೆ ಏನು ಕೆಲಸ?

ಅವನ ಮೇಜಿನ ಹತ್ತಿರ ಕೂತು ಪರೀಕ್ಷೆ ಮಾಡುವಾಗ, ಜೇಡ ನನ್ನ ಬೆರಳಿನಿಂದ ಜಿಗಿದು ಕೀಬೋರ್ಡ್ ಕೆಳಗೆ ಹೋಯಿತು. ಅವನು ಕ್ಲಿಕ್ಕಿಸಿದ ಫೋಟೋದಲ್ಲಿ ನನ್ನ ಬೆರಳಷ್ಟೇ ಉಳಿದಿತ್ತು. ಬರೀ ಬೆರಳು ನೋಡಿಯೂ ಆ್ಯಪ್ ಅದೇ ತಾಮ್ರಮುಖದವನು ಎಂದು ಹೇಳಿತು. ಆಮೇಲೆ ಗೊತ್ತಾಯಿತು. ಆ ಜೇಡವೊಂದನ್ನು ಮಾತ್ರ ಪ್ರತಿ ಸಲವೂ ನನ್ನ ಬೆರಳ ಮೇಲೆ ಕೂರಿಸಿಯೇ ಫೋಟೋ ತೆಗೆದಿದ್ದೆ. ಪಾಪದ ಆ್ಯಪ್ ಜೇಡವನ್ನು ನೋಡಿರಲೇ ಇಲ್ಲ, ನನ್ನ ಉಂಗುರವನ್ನು ಗುರುತಿಟ್ಟುಕೊಂಡಿತ್ತು.

ಗೆಳೆಯ ಗಂಭೀರವಾಗಿ ಹೇಳಿದ. "ಆ್ಯಪ್ ಸರಿಯಾಗೇ ಇದೆ. ಸಮಸ್ಯೆ ಏನಂದ್ರೆ, ಅದರ ಲೆಕ್ಕದಲ್ಲಿ ಜೇಡ ನೀನೇ."

ಹೆಣ್ಣು ನೋಡುವ ಶಾಸ್ತ್ರ

ಇಷ್ಟಾದರೂ ಹೆಣ್ಣು ಸಿಗಲಿಲ್ಲ. ಕೊಡೆಗೆ ಮತ್ತೆ ಮತ್ತೆ ಬೀಳುತ್ತಿದ್ದದ್ದು ಒಂದು ಸಾದಾ ಬೂದು ಬಣ್ಣದ ಹೆಣ್ಣು. ಅದು ಬಹಳ ಹಿಂದೆಯೇ ಹೆಸರು ಪಡೆದ ಬೇರೆ ಜಾತಿ. ಅದರ ಗಂಡನ್ನು ಯಾರೂ ಕಂಡಿಲ್ಲ ಎಂದು ಪುಸ್ತಕದಲ್ಲಿತ್ತು. ನಾನು ಅದನ್ನು ಮರಕ್ಕೇ ಬಿಟ್ಟುಬಿಡುತ್ತಿದ್ದೆ. ನನ್ನ ಹೊಸ ಜಾತಿಗೆ ಆಂಟಿಯ ಹೆಸರನ್ನೇ ಇಡುವುದೆಂದು ಮಾತೂ ಕೊಟ್ಟಾಗಿತ್ತು.

ಒಂದು ಮಧ್ಯಾಹ್ನ ಇನ್ನೊಬ್ಬ ತಾಮ್ರಮುಖದವನೂ ಆ ಬೂದು ಹೆಣ್ಣೂ ಒಟ್ಟಿಗೆ ಕೊಡೆಗೆ ಬಿದ್ದವು. ಅವನು ಓಡಿಹೋಗದೆ, ಮುಂಗಾಲೆತ್ತಿ ಆಕೆಯ ಮುಂದೆ ಕುಣಿಯತೊಡಗಿದ. ಗಂಡು ಹೀಗೆ ಕುಣಿಯುವುದು ಸಾಮಾನ್ಯವಾಗಿ ತನ್ನದೇ ಜಾತಿಯ ಹೆಣ್ಣಿನ ಮುಂದೆ. ಎರಡನ್ನೂ ಗಾಜಿನ ತಟ್ಟೆಗೆ ಹಾಕಿ ಆಂಟಿಯ ಊಟದ ಮೇಜಿನ ಮೇಲಿಟ್ಟೆ. ಫೋನಿನಲ್ಲಿ ಪ್ರೊಫೆಸರ್ ನೋಡುತ್ತಿದ್ದರು.

ಆಂಟಿ ಕನ್ನಡಕ ಹಾಕಿಕೊಂಡು ಬಗ್ಗಿದರು. "ಹುಡುಗ ಛಂದ ಕುಣೀತಾನ. ಆಕಿ ನೋಡವಲ್ಲಳು." ಸ್ವಲ್ಪ ಹೊತ್ತಿನ ಮೇಲೆ, "ಈಗ ನೋಡಿದ್ಲು ನೋಡು." ಇನ್ನೂ ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದು, "ಚಾ ಇಡ್ತೀನಿ" ಅಂತ ಒಳಗೆ ಹೋದರು.

"ಎರಡನ್ನೂ ಲ್ಯಾಬಿಗೆ ತಾ" ಅಂದರು ಪ್ರೊಫೆಸರ್. ಡಿಎನ್‌ಎ ಪರೀಕ್ಷೆಯೂ ಆ ಮೇಜಿನ ಮೇಲೆ ಕಂಡದ್ದನ್ನೇ ಹೇಳಿತು. ನನ್ನ ಹೊಸ ಜಾತಿ ಹೊಸದಲ್ಲ, ಆ ಬೂದು ಹೆಣ್ಣಿನ ಗಂಡ. ಕಾಣೆಯಾದ ಗಂಡನನ್ನು ಹುಡುಕಿಕೊಟ್ಟದ್ದೂ ಒಂದು ಸಂಶೋಧನೆಯೇ ಎಂದು ಪ್ರೊಫೆಸರ್ ಸಮಾಧಾನ ಹೇಳಿದರು. ಅದು ನಿಜವೂ ಹೌದು. ಆದರೆ ಹೆಸರಿಡುವ ಹಕ್ಕು ಹೋಯಿತು. ಹೆಂಡತಿಗೆ ಯಾರೋ ಎಂದೋ ಇಟ್ಟ ಹೆಸರೇ ಇನ್ನು ಇಬ್ಬರಿಗೂ.

ಫೋನಿನಲ್ಲಿ ಹೇಳಲು ಮನಸ್ಸಾಗದೆ ಕೇಟಿಗೆ ಡ್ರೈವ್ ಮಾಡಿಕೊಂಡು ಹೋದೆ. "ನಿಮ್ಮ ಹೆಸರು ಇಡೋಕಾಗಲ್ಲ ಆಂಟಿ. ಪುಸ್ತಕಗಳಲ್ಲಿ ಇನ್ನು ಅವರಿಬ್ಬರೂ ಗಂಡ ಹೆಂಡತಿ" ಅಂದೆ.

ಆಂಟಿ ಕಿಟಕಿಯ ಹತ್ತಿರ ಹೋಗಿ ಮರವನ್ನು ನೋಡಿದರು. ಬೇಜಾರಾಯಿತೇನೋ ಅಂದುಕೊಂಡೆ.

"ಇರ್ಲಿ ಬಿಡವಾ" ಅಂದರು. "ನನ್ನ ಪಾಸ್‌ಪೋರ್ಟಿನಾಗ ಅಡ್ಡಹೆಸರು ಅಂತ ನಮ್ಮಪ್ಪನ ಹೆಸರು, ನಮ್ಮ ಮನಿಯವರ ಪಾಸ್‌ಪೋರ್ಟಿನಾಗ ಅವರ ಊರಿನ ಹೆಸರು. ಗಂಡಾ ಹೆಂಡತಿ ಅಂತ ಈ ದೇಶದವರಿಗೆ ನಂಬಸ್ಲಿಕ್ಕೆ ನಮಗೂ ಸಾಕಾಗಿ ಹೋಗಿತ್ತು. ಆದ್ರ ನಾವು ಮದುವಿ ಆಲ್ಬಮ್ ತೋರಿಸಿ ಪಾರಾದ್ವಿ. ಪಾಪ, ಇವು ಎಲ್ಲಾರ ಮುಂದ ಕುಣದು ತೋರಿಸಬೇಕಾತು."