ಕಾರು ನೆಟ್ಟಗೆ ನಿಂತ ದಿನ

ಚನ್ನವೀರಪ್ಪನವರು ಮಾಡಿದ ತಪ್ಪೇನು ಅಂತೀರಿ? ತಮ್ಮ ಹಳೇ ಎಸ್‌ಯುವಿಗೆ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಹಾಕಿಸಿದ್ದು. ಅದಕ್ಕಿಂತ ದೊಡ್ಡ ಅಪರಾಧವನ್ನು ಆ ಮನುಷ್ಯ ಜನ್ಮದಲ್ಲಿ ಮಾಡಿರಲಿಲ್ಲ.

ಹಾಕಿಸದೆ ಗತಿಯೂ ಇರಲಿಲ್ಲ. ಗಾಡಿಯ ಹಿಂಭಾಗ ಕುಸಿದು, ಕೆಸರಲ್ಲಿ ಕೂತ ಎಮ್ಮೆಯ ಹಾಗೆ ಮೂತಿ ಮೇಲೆತ್ತಿಕೊಂಡಿತ್ತು. ನಾಡಿದ್ದು ಚಿತ್ರದುರ್ಗದಲ್ಲಿ ಮಗಳು ಸೌಂದರ್ಯಾಳ ನಿಶ್ಚಿತಾರ್ಥ.

"ಬೀಗರ ಮನೆ ಮುಂದೆ ಇದರಿಂದ ಇಳಿಯೋಳು ನಾನಲ್ಲ ರೀ," ಎಂದು ಹೆಂಡತಿ ಗಿರಿಜಾದೇವಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ನಾಳೆ ಬೆಳಿಗ್ಗೆ ಹೊರಡೋದ್ರೊಳಗೆ ನೆಟ್ಟಗೆ ಮಾಡಿಸ್ಕೊಂಡು ಬನ್ನಿ."

ಗ್ಯಾರೇಜಿನ ಬಾಬು ಗಾಡಿಯ ಕೆಳಗೆ ತೂರಿ, "ನಾಲುಮೇ ಪೋಚ್ಚು ಸಾರ್," ಎಂದ ತಮಿಳಿನಲ್ಲಿ. ನಾಲ್ಕೂ ಹೋಗಿದ್ದವು. ನಾಲ್ಕನ್ನೂ ಬದಲಾಯಿಸಿದ. ಮಧ್ಯಾಹ್ನದ ಹೊತ್ತಿಗೆ ಗಾಡಿ ಹಿಂದೆ ನಾಲ್ಕು ಬೆರಳು ಮೇಲೆದ್ದು, ಮಟ್ಟಸವಾಗಿ, ಹೊಸ ಅಳಿಯನ ಗತ್ತಿನಲ್ಲಿ ನಿಂತಿತು.

ವೇಲಚೇರಿಯ ತಮ್ಮ ಅಪಾರ್ಟ್‌ಮೆಂಟಿಗೆ ಬಂದು, ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸಿ, ಹೆಂಡತಿಯನ್ನು ಕರೆದರು. ನಿಶ್ಚಿತಾರ್ಥದ ರೇಷ್ಮೆ ಸೀರೆಗಳ ದೊಡ್ಡ ಟ್ರಂಕನ್ನು ತಾವೇ ಹೊತ್ತು ತಂದು ಡಿಕ್ಕಿಯಲ್ಲಿಟ್ಟರು. "ನೋಡೇ, ಒಂದು ಬೆರಳಾದ್ರೂ ಕೆಳಗೆ ಹೋಯ್ತಾ?"

ಹೋಗಿರಲಿಲ್ಲ. "ಪರವಾಗಿಲ್ಲ ರೀ, ನಿಮಗೂ ಒಂದು ಕೆಲ್ಸ ಬರುತ್ತೆ," ಎಂದು ನಗುತ್ತ ಗಿರಿಜಾದೇವಿ ಮೇಲೆ ಹೋದರು. ಚನ್ನವೀರಪ್ಪನವರಿಗೆ ಸ್ವರ್ಗ ಮೂರೇ ಗೇಣು.

ಅಷ್ಟರಲ್ಲಿ ಎರಡನೇ ಮಹಡಿಯ ಸುಕೇಶ್ ಬಂದರು. ಉಡುಪಿ ಕಡೆಯವರು, ಹೋಟೆಲು ನಡೆಸುವವರು. "ಎಂಥದು ಮಾರಾಯ್ರೆ, ನಿಮ್ಮ ಗಾಡಿ ಮೇಲೆ ಹೋಗಿದೆಯಲ್ಲ?"

"ಹೊಸ ಸ್ಪ್ರಿಂಗು."

"ಇಷ್ಟು ವರ್ಷ ಇಲ್ಲದ್ದು ಈಗ ಎಂತಕ್ಕೆ? ಅದೂ ಮಳೆಗಾಲದಲ್ಲಿ?"

ವೇಲಚೇರಿಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಇಲ್ಲಿ ದೊಡ್ಡ ಮಳೆಯ ಸುದ್ದಿ ಬಂದರೆ, ನೆಲಮಾಳಿಗೆ ಮುಳುಗೀತೆಂದು ಜನ ಮೊದಲು ಕಾರನ್ನು ಫ್ಲೈಓವರ್ ಮೇಲೆ ನಿಲ್ಲಿಸಿ ಬರುತ್ತಾರೆ, ಕೊಡೆ ಹುಡುಕುವುದು ಆಮೇಲೆ. ಆದರೆ ಆ ದಿನ ಟೀವಿಯವರು ಹೇಳಿದ್ದು ತುಂತುರು ಮಳೆ ಮಾತ್ರ.

ಎದುರು ಮನೆಯ ಸುಮತಿಯೂ ಬಂದರು, ಕಾರಿನ ಚಕ್ರವನ್ನೂ ಚನ್ನವೀರಪ್ಪನವರ ಮುಖವನ್ನೂ ಒಂದೇ ಅನುಮಾನದಿಂದ ನೋಡಿದರು. "ಅಂಕಲ್, ನಿಮ್ಮ ಷಡ್ಡಕರು ಕೆರೆ ತುಂಬಿದ್ರೆ ನೀರು ಬಿಡೋ ಆಫೀಸ್‌ನಲ್ಲಿ ತಾನೆ ಇರೋದು? ಬೆಳಿಗ್ಗೆ ಬಾಲ್ಕನಿಯಲ್ಲಿ ಅವರ ಹತ್ರ ಫೋನ್ ಮಾತಾಡ್ತಿದ್ರಲ್ಲ?"

"ಅದು... ನಿಶ್ಚಿತಾರ್ಥದ ವಿಷಯ ಕಣಮ್ಮ," ಎಂದು ಚನ್ನವೀರಪ್ಪನವರು ತೊದಲಿದರು. ತೊದಲಬಾರದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವರದು, ಕದಿಯದಿದ್ದರೂ ಮುಟ್ಟಿಕೊಳ್ಳುತ್ತಾರೆ.

"ಹಾಗಾದ್ರೆ ನೀರು ಬಿಡ್ತಾರೆ!" ಎಂದರು ಸುಕೇಶ್. "ಫ್ಲೈಓವರಲ್ಲಿ ಜಾಗ ಸಾಲುವುದಿಲ್ಲ ಅಂತ ನಮಗೆ ಹೇಳದೆ, ರಾತ್ರಿ ಇವರೊಬ್ಬರೇ ಗಾಡಿ ಸಾಗಿಸುವ ಉಪಾಯ!"

ಚನ್ನವೀರಪ್ಪನವರಿಗೆ ರೇಗಿತು. ಅಪಾರ್ಟ್‌ಮೆಂಟಿನ ಅಧ್ಯಕ್ಷೆ ಜಯಲಕ್ಷ್ಮಮ್ಮನೂ ಅಲ್ಲಿಗೆ ಬಂದಿದ್ದರು. ಅವರ ಕೈಗೇ ಕಾರಿನ ಕೀಲಿ ತುರುಕಿದರು. "ತಗೊಳ್ಳಿ ಅಮ್ಮ! ಇರೋದು ಇದೊಂದೇ ಕೀಲಿ, ಇನ್ನೊಂದು ಯಾವತ್ತೋ ಕಳೆದುಹೋಗಿದೆ. ಬೆಳಿಗ್ಗೆವರೆಗೂ ನಿಮ್ಮ ಹತ್ರಾನೇ ಇರ್ಲಿ. ನನ್ನ ಗಾಡಿ ಇಲ್ಲಿಂದ ಅಲ್ಲಾಡಲ್ಲ. ಈಗಲಾದ್ರೂ ನಂಬ್ತೀರಾ?"

"ನಂಬ್ದೆ ಏನಪ್ಪಾ," ಎಂದು ಜಯಲಕ್ಷ್ಮಮ್ಮ ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡರು. ಎಲ್ಲರೂ ತಲೆಯಾಡಿಸಿ ಚದುರಿದರು.

ಒಂದು ನಿದ್ದೆ ತೆಗೆದು ಚನ್ನವೀರಪ್ಪನವರು ಬಾಲ್ಕನಿಗೆ ಬಂದು ನೋಡುತ್ತಾರೆ, ಗೇಟಿನಲ್ಲಿ ಕಾರುಗಳ ದಿಬ್ಬಣ! ಎಲ್ಲವೂ ಫ್ಲೈಓವರ್ ಕಡೆಗೆ. "ಕೀಲಿ ಕೊಟ್ಟು ನಂಬಿಸ್ತಾರೆ ಅಂದ್ರೆ ವಿಷಯ ಭಾರೀ ದೊಡ್ಡದೇ ಇರಬೇಕು," ಎಂದು ಸುಕೇಶ್ ಕೆಳಗೆ ಯಾರಿಗೋ ಹೇಳುತ್ತಿದ್ದರು. ಚನ್ನವೀರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಚ್ಚು ಮುಂಡೇವು, ಸುಮ್ಮನೆ ಡೀಸೆಲ್ ಸುಟ್ಟುಕೊಳ್ಳಲಿ ಎಂದುಕೊಂಡರು.

ಸಂಜೆ ಆಕಾಶ ಹರಿದುಬಿತ್ತು. ತುಂತುರಲ್ಲ ಸ್ವಾಮಿ, ಕೊಡದಲ್ಲಿ ಸುರಿದಂಥ ಮಳೆ. ಕೆರೆಯ ನೀರನ್ನು ಯಾರೂ ಬಿಡಬೇಕಾಗಿಯೇ ಬರಲಿಲ್ಲ. ರಸ್ತೆಯೇ ಹೊಳೆಯಾಗಿ ನೆಲಮಾಳಿಗೆಗೆ ನುಗ್ಗಿತು. ಚನ್ನವೀರಪ್ಪನವರು ಓಡಿಹೋಗಿ ಜಯಲಕ್ಷ್ಮಮ್ಮನ ಬಾಗಿಲು ಬಡಿದರೆ, ಬೀಗ. ಫೋನು ಮಾಡಿದರೆ, "ನಾನು ಪೆರಂಬೂರಲ್ಲಿ ಮಗಳ ಮನೇಲಿದೀನಪ್ಪಾ! ನಿಮ್ಮ ದಯದಿಂದ ಮಧ್ಯಾಹ್ನವೇ ಹೊರಟೆ. ಕೀಲಿ ಭದ್ರವಾಗಿದೆ, ಯೋಚ್ನೆ ಮಾಡ್ಬೇಡಿ!"

ಗಾಜು ಒಡೆದಾದರೂ ಟ್ರಂಕು ತೆಗೆಯೋಣವೆಂದು ಕೆಳಗಿಳಿದರು. ಮೆಟ್ಟಿಲಲ್ಲೇ ನೀರು ಎದೆಯ ತನಕ ಬಂತು. ಖಾಲಿ ನೆಲಮಾಳಿಗೆಯ ನಡುವೆ ಅವರ ಕಾರೊಂದೇ ಮುಳುಗುತ್ತಿತ್ತು. ಮಟ್ಟಸವಾಗಿಯೇ ಮುಳುಗುತ್ತಿತ್ತು. ಅವರಿಗೆ ಅಳುವೇ ಬಂತು.

ಒದ್ದೆಮುದ್ದೆಯಾಗಿ ಮನೆಗೆ ಬಂದರೆ ಹಜಾರದ ತುಂಬ ಜನ. ಸುಕೇಶ್ ಕೈ ಹಿಡಿದುಕೊಂಡು, "ದೊಡ್ಡ ಉಪಕಾರ ಮಾರಾಯ್ರೆ! ನೀವು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ, ನಮಗೆ ಅರ್ಥ ಆಯಿತು," ಎಂದರು. ಸುಮತಿ ಬಿಸಿ ಕಾಫಿ ತಂದುಕೊಟ್ಟರು.

"ದೇವರಾಣೆ ನಂಗೇನೂ ಗೊತ್ತಿರ್ಲಿಲ್ಲ!" ಎಂದು ಚನ್ನವೀರಪ್ಪನವರು ಕೂಗಿದರು. ಸುಕೇಶ್ ಕಣ್ಣು ಮಿಟುಕಿಸಿದರು. ಎಲ್ಲರೂ ನಗುತ್ತ ಹೊರಟುಹೋದರು.

ಮೂಲೆಯಲ್ಲಿ ಗಿರಿಜಾದೇವಿ ಉಳಿದಿದ್ದರು. ಇಡೀ ಲೋಕ ನಂಬದಿದ್ದರೂ ಇವಳು ನಂಬುತ್ತಾಳೆ ಎಂದು ಚನ್ನವೀರಪ್ಪನವರು ಆಸೆಯಿಂದ ಅವರ ಕಡೆ ನೋಡಿದರು.

"ಸುಕೇಶ್ ಅವ್ರಿಗೆ ಗೊತ್ತು, ಸುಮತಿಗೆ ಗೊತ್ತು, ಪೆರಂಬೂರಿಗೆ ಹೋದ ಆ ಮುದುಕಿಗೂ ಗೊತ್ತು," ಎಂದರು ಗಿರಿಜಾದೇವಿ. "ಊರಿಗೆಲ್ಲ ಸುಳಿವು ಕೊಟ್ರಿ. ಕಟ್ಕೊಂಡೋಳ ಸೀರೆ ಮಾತ್ರ ಗೊತ್ತಿದ್ದೂ ಗೊತ್ತಿದ್ದೂ ತಗೊಂಡೋಗಿ ಡಿಕ್ಕೀಲಿಟ್ರಲ್ಲ ರೀ!"