ಮಾವನವರ ಕಾವಲಿಗೆ ಹಾಕಿದ ರಜೆ

ನಾನು ಯಾರ ಕಣ್ಣಿಗೂ ಬೀಳದ ಮನುಷ್ಯ. ಇದನ್ನು ವೈರಾಗ್ಯದಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಮದುವೆಯ ಪಂಕ್ತಿಯಲ್ಲಿ ಕೂತರೆ ಹೋಳಿಗೆ ಬಡಿಸುವವರು ಎಡಗಡೆಯವರಿಗೆ ಎರಡು ಹಾಕಿ, ಬಲಗಡೆಯವರ ಮುಂದೆ ನಿಂತು "ಇನ್ನೊಂದು ತಗೋರಿ" ಎಂದು ಉಪಚಾರ ಮಾಡುತ್ತಾರೆ. ನಡುವೆ ನನ್ನದೂ ಒಂದು ಎಲೆ ಇರುವುದು ಅವರಿಗೆ ಕಾಣುವುದೇ ಇಲ್ಲ. ಹುಮನಾಬಾದಿನ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೊಂದು ವರ್ಷದಿಂದ ಗುಮಾಸ್ತನಾಗಿದ್ದೇನೆ. ಈಚೆಗೆ ಬಂದ ಹೊಸ ಸಾಹೇಬರು, ನಾನು ಫೈಲು ಹಿಡಿದು ಎದುರಿಗೇ ನಿಂತಿರುವಾಗ ಜವಾನನನ್ನು ಕರೆದು "ಆ ರೆಕಾರ್ಡ್ ರೂಮಿನವರು ಇವತ್ತೂ ಬಂದಿಲ್ಲೇನು?" ಎಂದು ಕೇಳಿದರು. ಬಂದಿಲ್ಲ ಎಂದು ಜವಾನನೂ ಹೇಳಿದ. ಇಂಥ ನನಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದು ವಿಡಿಯೋ ಗೇಮ್ ಸಿಕ್ಕಿತು. ಯಾರ ಕಣ್ಣಿಗೂ ಬೀಳದಿರುವುದೇ ಅದರಲ್ಲಿ ದೊಡ್ಡ ಸಾಹಸ. ಇಷ್ಟು ವರ್ಷ ನಾನು ಬೇಕಾರ್ ಇರಲಿಲ್ಲ, ತಾಲೀಮು ಮಾಡುತ್ತಿದ್ದೆ ಎಂಬುದು ಅವತ್ತು ತಿಳಿಯಿತು.

ಗೇಮಿನ ಯಂತ್ರ ನನ್ನದಲ್ಲ, ಬಸವಕಲ್ಯಾಣದ ನನ್ನ ಗೆಳೆಯನದು. ಅವನ ಮಗಳು ಹತ್ತನೇ ತರಗತಿಗೆ ಬಂದಳೆಂದು ಅವನ ಹೆಂಡತಿ ಅದನ್ನು ಮನೆಯಿಂದ ಗಡೀಪಾರು ಮಾಡಿದಳು. ಪರೀಕ್ಷೆ ಮುಗಿಯುವವರೆಗೆ ಜೋಪಾನ ಮಾಡು ಎಂದು ಗೆಳೆಯ ನನ್ನ ಕೈಗೆ ಒಪ್ಪಿಸಿದ. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿಗೆ ತಂದೆ. ಪಕ್ಕದಲ್ಲಿದ್ದ ಹೆಣ್ಣುಮಗಳು "ಕೂಸು ಮಲಗೇದೇನ್ರಿ?" ಎಂದಳು. ವಿವರಿಸುವುದು ಕಷ್ಟವೆನಿಸಿ ಹೌದೆಂದು ತಲೆಯಾಡಿಸಿದೆ. ಆಕೆ ಪಾಪ, ದಾರಿಯುದ್ದಕ್ಕೂ ಪಿಸುಮಾತಿನಲ್ಲೇ ಮಾತಾಡಿದಳು. ಮನೆಗೆ ತಂದ ಮೇಲೆ, ಯಂತ್ರವನ್ನು ಸುಮ್ಮನೆ ಇಟ್ಟರೆ ಕೆಡುತ್ತದೆ, ಆಗಾಗ ಓಡಿಸುತ್ತಿರಬೇಕು ಎಂದು ನನ್ನ ಹೆಂಡತಿ ಮಹಾದೇವಿಗೆ ಹೇಳಿದೆ. ಅಂಗಳದಲ್ಲಿ ಮೂರು ವರ್ಷದಿಂದ ಕೆಟ್ಟು ನಿಂತಿರುವ ಸೈಕಲ್ಲಿನ ಬಗ್ಗೆ ನನಗೆ ಈ ಕಾಳಜಿ ಯಾಕೆ ಬರಲಿಲ್ಲ ಎಂದು ಅವಳು ಕೇಳಿದಳು.

ಗೇಮಿನಲ್ಲಿ ನಾನೊಬ್ಬ ಗುಪ್ತ ಸಿಪಾಯಿ. ಶತ್ರುಗಳ ಠಾಣೆಗೆ ತೆವಳಿಕೊಂಡು ಹೋಗಬೇಕು, ಕಾವಲುಗಾರರ ಬೆನ್ನ ಹಿಂದಿನಿಂದ ದಾಟಬೇಕು, ಬೇಕಾದವನಿಗೆ ನಿದ್ದೆ ಬರಿಸುವ ಸೂಜಿ ಹೊಡೆಯಬೇಕು. ಮಲಗಿದವನನ್ನು ಆಳೆತ್ತರದ ಗಾಳಿಪಟಕ್ಕೆ ಕಟ್ಟಿ ಹಾರಿಸಿದರೆ ಅವನು ಸೀದಾ ನಮ್ಮ ನೆಲೆಗೆ ಬಂದು ಇಳಿದು, ಕಣ್ಣುಜ್ಜಿಕೊಂಡು, ನಮ್ಮ ಕಡೆಯವನಾಗಿಬಿಡುತ್ತಾನೆ. ನೆಲೆ ಎಂದರೆ ಸಮುದ್ರದ ನಡುವಿನ ಒಂದು ಬೋಳು ಬಂಡೆ. ಅದರ ಮೇಲೆ ಅಡುಗೆಮನೆ, ದವಾಖಾನೆ, ಬಂದೂಕಿನ ಕಾರ್ಖಾನೆ ಎಲ್ಲ ಕಟ್ಟಿಸಿ, ಬಂದವರಿಗೆ ಕೆಲಸ ಹಂಚುವುದು ನನ್ನ ಜವಾಬ್ದಾರಿ. ತೆವಳುವುದರಲ್ಲಿ ನಾನು ಬೇಗ ಪಳಗಿದೆ. ಹಂಚುವುದರಲ್ಲಿ ಮಾತ್ರ ರೆಕಾರ್ಡ್ ರೂಮಿನ ಬುದ್ಧಿ ಬಿಡಲಿಲ್ಲ: ಬಂದವರನ್ನೆಲ್ಲ ಹೆಸರಿನ ಅಕ್ಷರಗಳ ಪ್ರಕಾರ ಜೋಡಿಸಿಬಿಟ್ಟೆ. ಮೊದಲ ಹತ್ತು ಹೆಸರು ಅಡುಗೆಮನೆಗೆ, ಮುಂದಿನ ಹತ್ತು ದವಾಖಾನೆಗೆ. ಯಾರನ್ನಾದರೂ ಹುಡುಕಬೇಕೆಂದರೆ ಎರಡೇ ನಿಮಿಷದಲ್ಲಿ ಸಿಗುತ್ತಿದ್ದರು. ಆದರೆ ಶಸ್ತ್ರಚಿಕಿತ್ಸೆ ಬಲ್ಲವನು ಈರುಳ್ಳಿ ಹೆಚ್ಚುತ್ತಿದ್ದ, ಅಡುಗೆಯವನು ಬ್ಯಾಂಡೇಜು ಕಟ್ಟುತ್ತಿದ್ದ. ದಿನಾ ಬಡಿದಾಟ. ಕೆಲವರು ರಾಜೀನಾಮೆಯನ್ನೂ ಕೊಡದೆ ದೋಣಿ ಹತ್ತಿ ಓಡಿಹೋಗುತ್ತಿದ್ದರು.

ಇಂಥ ಸಂಕಟದ ನಡುವೆ ನಮ್ಮ ಮಾವನವರು ಮನೆಗೆ ಬಂದರು. ಮಾವನವರೆಂದರೆ ಮಹಾದೇವಿಯ ತಂದೆ ಮಾಳಪ್ಪನವರು. ಘಾಟಬೋರಾಳದಲ್ಲಿ ಹುಟ್ಟಿ, ಎಪ್ಪತ್ತು ವರ್ಷ ಕುರಿಗಳ ಹಿಂದೆಯೇ ನಡೆದವರು. ಟಗರು ಹಿಡಿಯಲು ಹೋಗಿ ಹೊಲದ ಬದುವಿನಿಂದ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡಿದ್ದರು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ನೆಲಕ್ಕೆ ತಾಗಬಾರದು ಎಂದಿದ್ದರು. ಅವರೋ, ಮೊದಲ ವಾರದಲ್ಲೇ ಎರಡು ಸಲ ಊರಿಗೆ ಓಡಲು ನೋಡಿದರು. ಒಮ್ಮೆಯಂತೂ ಹಾಲಿನವನ ಮೋಟಾರ್ ಸೈಕಲ್ಲಿನ ಮೇಲೆ ಕ್ಯಾನುಗಳ ನಡುವೆ ಕೂತು ಓಣಿಯ ತಿರುವಿನವರೆಗೂ ಹೋಗಿದ್ದರು. ದಸರಾ ರಜೆ ಇರುವಷ್ಟು ದಿನ ಮಹಾದೇವಿ ಅವರನ್ನು ಕಾದಳು. ಅವಳು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಟೀಚರು. ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಶಾಲೆ ತೆರೆದ ದಿನ ನಾನು ಎರಡು ವಾರ ರಜೆ ಹಾಕಿದೆ. ನನ್ನ ತ್ಯಾಗ ಕಂಡು ಅವಳು ಕಣ್ಣು ತುಂಬಿಕೊಳ್ಳಬಹುದು ಎಂದುಕೊಂಡಿದ್ದೆ. ಅವಳು ಬೆರಳೆತ್ತಿ ಹೇಳಿದಳು: "ನಿಮಗ ಒಂದೇ ಕೆಲಸ. ಅಪ್ಪ ಹೊಸ್ತಿಲಾ ದಾಟಬಾರದು. ದಾಟಿದ್ರ ಕುರಿ ಹಿಂದ ಓಡ್ತಾರ. ಎಲುಬು ಮತ್ತ ಸರಿದ್ರ ಆಪರೇಷನ್ನೇ ಮಾಡ್ಬೇಕಾಗ್ತದ ಅಂದಾರ ಡಾಕ್ಟರ್. ಇಷ್ಟರ ಆಗ್ತದಿಲ್ಲ ನಿಮ್ಮ ಕೈಲೆ?"

"ನೂರಾರು ಕಾವಲುಗಾರರನ್ನ ಕಂಡೀನಿ, ಅವರೆಲ್ಲಿ ತಪ್ಪತಾರ ಅಂತ ನನಗ ಗೊತ್ತದ. ನೀ ಫಿಕೀರ್ ಮಾಡಬ್ಯಾಡ," ಎಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ನಿಜ. ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿದ್ದರೆ ಈಗಲೂ ತೆಗೆದುಕೊಳ್ಳುತ್ತೇನೆ.

ಟೀವಿಯ ಹಿಂದಿನ ಗೋಡೆಗೆ ಮಾವನವರ ಮಂಚ ಹಾಕಿದೆವು. ಅವರೂ ನೋಡಿದ ಹಾಗಾಯಿತು, ನಾನೂ ಕಾದ ಹಾಗಾಯಿತು ಎಂದುಕೊಳ್ಳುವಷ್ಟರಲ್ಲಿ, ಆ ಕಡೆಯಿಂದ ಟೀವಿಯ ಬೆನ್ನು ಮಾತ್ರ ಕಾಣುತ್ತದೆಂದು ಅವರು ತಕರಾರು ತೆಗೆದರು. ಆಮೇಲೆ ಮಂಚ ನನ್ನ ಬೆನ್ನ ಹಿಂದೆ ಬಂತು. ಮೊದಲ ದಿನ ಅವರು ಗೇಮನ್ನು ಬರೀ ನೋಡಿದರು. ಎರಡನೆಯ ದಿನ ಶತ್ರುಗಳ ಠಾಣೆಯ ಬಳಿ ನಾಲ್ಕು ಕುರಿಗಳು ಮೇಯುತ್ತಿರುವುದು ಕಂಡಿತು. ಮಾವನವರು ಎದ್ದು ಕೂತರು. "ಯಾರವ್ರಿ ಕುರಿ? ಕಾಯೋರು ಎಲ್ಲಿ? ಹಿಂಗ ಬಿಟ್ಟು ಹೋಗ್ತಾರೇನು?" ಎಂದು ಅವರ ಜೀವ ಚಡಪಡಿಸಿತು. ಹಿರಿಯರ ಮನಸ್ಸಿಗೆ ನೋವಾಗಬಾರದೆಂದು ನಾನು ಮುಖ್ಯ ಕೆಲಸ ಬಿಟ್ಟು ನಾಲ್ಕನ್ನೂ ಗಾಳಿಪಟಕ್ಕೆ ಕಟ್ಟಿ ನೆಲೆಗೆ ಹಾರಿಸಿದೆ. ಅವು ಬಂಡೆಯ ಮೇಲೆ ಇಳಿದದ್ದು ನೋಡಿ ಇನ್ನೊಂದು ಚಿಂತೆ ಶುರುವಾಯಿತು. "ಎಲ್ಲಾ ಕಲ್ಲೇ ಅದಲ್ರಿ ಅಳಿಯಂದ್ರ. ಮಣ್ಣ ಇಲ್ಲ. ಇಷ್ಟು ಹಿಕ್ಕಿ ಸಮುದ್ರಕ್ಕ ಬಿದ್ದು ಹಾಳಾಗಾಕತ್ತದ. ನಮ್ಮೂರಾಗ ಒಂದು ವಾರ ಹೊಲದಾಗ ಕುರಿ ನಿಲ್ಲಿಸಿದ್ರ ಜ್ವಾಳ ಕೊಟ್ಟು ಕಳಸ್ತಾರ, ಗೊತ್ತದೇನು?" ಗೊಬ್ಬರಕ್ಕೆ ಈ ಗೇಮಿನಲ್ಲಿ ಕಿಮ್ಮತ್ತಿಲ್ಲ ಎಂದು ಹೇಳಿದೆ. ಗೇಮ್ ಮಾಡಿದವರು ಒಕ್ಕಲುತನದವರಲ್ಲ ಎಂದು ಅವರು ಮರುಕಪಟ್ಟರು.

ಮೂರನೆಯ ದಿನದಿಂದ ನೆಲೆಯ ಆಡಳಿತ ನನ್ನ ಕೈತಪ್ಪಿತು. ಹೊಸದಾಗಿ ಹಿಡಿದು ತಂದವರನ್ನು ನಾನು ಒಮ್ಮೆಗೇ ಕೆಲಸಕ್ಕೆ ಹಚ್ಚುತ್ತಿದ್ದುದು ಮಾವನವರಿಗೆ ಬಿಲ್ಕುಲ್ ಹಿಡಿಸಲಿಲ್ಲ. ಸಂತೆಯಿಂದ ತಂದ ಕುರಿಯನ್ನು ಹಾಗೆ ಹಿಂಡಿನೊಳಗೆ ನೂಕಬಾರದಂತೆ. ಒಂದು ಹಳೆಯ, ಸಮಾಧಾನದ ಕುರಿಯ ಜೊತೆ ನಾಲ್ಕು ದಿನ ಬೇರೆ ಕಟ್ಟಬೇಕಂತೆ. ಸಿಪಾಯಿಗಳಿಗೂ ಅದನ್ನೇ ಮಾಡಿದೆವು. ಪ್ರತಿಯೊಬ್ಬ ಹೊಸಬನ ಜೊತೆಗೆ ಒಬ್ಬ ಹಳಬ. ಯಾರು ಸಮಾಧಾನದವರು ಎಂಬುದನ್ನು ಮಾವನವರು ಮುಖ ನೋಡಿಯೇ ಹೇಳುತ್ತಿದ್ದರು. ಹೊಸ ಬಂದೂಕು ಆಮೇಲೆ, ಮೊದಲು ಅಡುಗೆಮನೆ ದೊಡ್ಡದು ಮಾಡ್ರಿ ಎಂದರು, ಮಾಡಿದೆ. ಎರಡೇ ದಿನದಲ್ಲಿ ಬಡಿದಾಟ ನಿಂತಿತು, ದೋಣಿಗಳು ಕಟ್ಟಿದಲ್ಲೇ ಉಳಿದವು. ಯಾವ ತರಬೇತಿಯೂ ಇಲ್ಲದ ಮನುಷ್ಯ ಇಷ್ಟು ಚೆಂದ ಕಚೇರಿ ನಡೆಸುವುದನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಇಬ್ಬರೂ ಮಕ್ಕಳ ಹಾಗೆ ಖುಷಿಪಟ್ಟೆವು.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅವರಿಗೆ ತೆವಳುವ ಭಾಗದಲ್ಲೂ ಆಸಕ್ತಿ ಹುಟ್ಟಿತು. ಕಾವಲುಗಾರರು ಹೇಗೆ ಅಡ್ಡಾಡುತ್ತಾರೆ, ಎಲ್ಲಿ ನಿಂತು ಆಕಳಿಸುತ್ತಾರೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ತೋಳ ಬಂದಾಗ ಕುರಿ ನೋಡಂಗಿಲ್ರಿ, ಕಾಯೋ ಮನಷ್ಯಾನ್ನ ನೋಡ್ತದ," ಎಂದರು. ಖಾಲಿ ಡಬ್ಬಿ ಎಸೆದರೆ ಕಾವಲುಗಾರ ಸದ್ದಾದ ಕಡೆ ಹೋಗುತ್ತಾನೆ, ಆಗ ಬಾಗಿಲು ದಾಟಬಹುದು ಎಂದು ನಾನೇ ತೋರಿಸಿಕೊಟ್ಟೆ. ಅವರಿಗೆ ನಂಬಿಕೆಯಾಗಲಿಲ್ಲ. "ಡಬ್ಬಿ ಸಪ್ಪಳಕ್ಕ ಬಾಗಲಾ ಬಿಟ್ಟು ಹೋಗ್ತಾನೇನ್ರಿ? ಇವಗ ಪಗಾರ ಯಾರು ಕೊಡ್ತಾರ?" ಎಂದು ಹೊಟ್ಟೆ ಹಿಡಿದು ನಕ್ಕರು. ಈ ಪಾಠಗಳ ನಡುನಡುವೆ ಅವರು ಒಂದು ಕರಿ ಕುರಿಯ ಸುದ್ದಿಯನ್ನೂ ಹೇಳುತ್ತಿದ್ದರು: ಅದಕ್ಕೆ ಇದು ಮೊದಲ ಸೂಲು, ಈ ವಾರ ಈಯುತ್ತದೆ, ಊರಲ್ಲಿ ಹಿಂಡು ಕಾಯುತ್ತಿರುವ ತಮ್ಮ ಬೀರಪ್ಪನಿಗೆ ಅದರ ಸ್ವಭಾವ ಗೊತ್ತಿಲ್ಲ, ತಾವು ಒಮ್ಮೆ ಹೋಗಿ ಬರಬೇಕು. ನಾನು ಬಂಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತವನು "ಹ್ಞೂಂ ರೀ, ಹ್ಞೂಂ ರೀ" ಎನ್ನುತ್ತಿದ್ದೆ.

ಗುರುವಾರ ಹನ್ನೊಂದಕ್ಕೆ, ದಿನದಂತೆ, ಚಹಾ ಮಾಡಲು ಎದ್ದೆ. ಕುದಿಯುವವರೆಗೆ ಮೊಬೈಲು ನೋಡುತ್ತಿದ್ದಾಗ ಹಿತ್ತಲಲ್ಲಿ ಢಣ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಒಂದು ಸ್ಟೀಲಿನ ಲೋಟ ಬಿದ್ದಿತ್ತು. "ಬೆಕ್ಕಿರಬೇಕು" ಎಂದು ಗಟ್ಟಿಯಾಗಿಯೇ ಅಂದುಕೊಂಡೆ. ಆ ಕಡೆ ಈ ಕಡೆ ನೋಡಿದೆ, ಲೋಟ ತೊಳೆದೆ, ಚಹಾ ಸೋಸಿಕೊಂಡು ಒಳಗೆ ಬಂದೆ. ಮಾವನವರು ತಲೆತುಂಬ ಕಂಬಳಿ ಹೊದ್ದು ಮಲಗಿದ್ದರು. ಅವರ ಚಹಾಕ್ಕೆ ಬಸಿ ಮುಚ್ಚಿ, ಮೂರು ವಾರದಿಂದ ದಕ್ಕದಿದ್ದ ದೊಡ್ಡ ಠಾಣೆಗೆ ನುಗ್ಗಿದೆ. ಅರ್ಧ ಗಂಟೆ ಆಡಿದೆ. ಸುಮ್ಮನೆ ಆಡಲಿಲ್ಲ, ಮಾವನವರು ಕಂಬಳಿಯೊಳಗಿಂದ ಕೇಳುತ್ತಿದ್ದಾರೆಂದು ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳುತ್ತ ಆಡಿದೆ. ಕೊನೆಗೆ ಪರದೆಯ ಮೇಲೆ ಬಂಗಾರದ ಅಕ್ಷರ ಮೂಡಿತು: ಒಬ್ಬರ ಕಣ್ಣಿಗೂ ಬೀಳದೆ ಕೆಲಸ ಮುಗಿದಿದೆ! ನಾನು ಕುಣಿದುಬಿಟ್ಟೆ. "ಮಾವನೋರ, ನೋಡ್ರಿ!" ಎಂದು ಕಂಬಳಿ ಎಳೆದೆ. ಎರಡು ತಲೆದಿಂಬು, ಒಗೆಯಲು ಹಾಕಿದ್ದ ಸೀರೆಗಳ ಗಂಟು, ಅದರ ತುದಿಗೆ ಮಾವನವರ ರುಮಾಲು.

ಹೊರಗೆ ಓಡಿದೆ. ಎದುರುಮನೆಯ ಆಯಿ ಜೋಳ ಹಸನು ಮಾಡುತ್ತ ಕೂತಿದ್ದಳು. "ಊರಿಗಿ ಹೊಂಟೀನಿ ಅಂತ ಮಾಣಿಕನಗರದವನ ಆಟೋದಾಗ ಹೋದ್ರಲ್ಲಪ್ಪ. ನನಗೂ ಕೈ ಮಾಡಿದ್ರು. ಆಟೋದವ ಒಳಗಿಂದ ಎತ್ತಿ ತಂದು ಕುಂದರಿಸಿದ, ಅವಂದೂ ಚಾ ಆತು ನಮ್ಮ ಮನ್ಯಾಗ," ಎಂದಳು. ಕಿರಾಣಿಯವನು ನೋಡಿದ್ದ, ಇಸ್ತ್ರಿಯವನು ನೋಡಿದ್ದ. ಇಡೀ ಓಣಿ ನಿಂತು ಬೀಳ್ಕೊಟ್ಟಿತ್ತು, ಕಾವಲಿಗಿದ್ದ ನನ್ನೊಬ್ಬನನ್ನು ಬಿಟ್ಟು. ಸ್ಕೂಟರ್ ಹತ್ತಿದೆ. ಘಾಟಬೋರಾಳದವರೆಗೂ ನನ್ನ ಕಣ್ಣ ಮುಂದೆ ಸರಿದ ಎಲುಬು, ಆಪರೇಷನ್ನು, ಮಹಾದೇವಿಯ ಬೆರಳು ಇವೇ. ನಿಜಕ್ಕೂ ಹೆದರಿದ್ದೆ.

ಹೊಲದಲ್ಲಿ ಬೇವಿನ ಮರದ ಕೆಳಗೆ ಮಾವನವರು ಮಂಚದ ಮೇಲೆ ರಾಜನ ಹಾಗೆ ಕೂತಿದ್ದರು. ಪ್ಲಾಸ್ಟರಿನ ಕಾಲು ಚೀಲದ ಗಂಟಿನ ಮೇಲಿತ್ತು. ಮಡಿಲಲ್ಲಿ ಇನ್ನೂ ಒದ್ದೆಯಿದ್ದ ಒಂದು ಕರಿ ಮರಿ. ಬೀರಪ್ಪ ಕಾಕಾ ಹೇಳಿದರು: ಮರಿ ಅಡ್ಡ ಬಂದಿತ್ತಂತೆ, ಅಣ್ಣ ಕಂಬಳಿಯ ಮೇಲೆ ಮಲಗಿಕೊಂಡೇ ಕೈಹಾಕಿ ತಿರುಗಿಸಿದರಂತೆ, ಇನ್ನೊಂದು ತಾಸು ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲವಂತೆ. "ಕಾಲು ನೆಲಕ್ಕ ಹಚ್ಚಿಲ್ರಿ ಅಳಿಯಂದ್ರ, ಆಟೋದಿಂದ ಇವರೇ ಎತ್ತಿ ತಂದಾರ," ಎಂದರು ಮಾವನವರು. ಹೇಳಿ ಬರಬಾರದಿತ್ತೇ ಎಂದೆ. "ನಾಕು ದಿನದಿಂದ ಹೇಳಾಕತ್ತೀನಲ್ರಿ. ನೀವು ಹ್ಞೂಂ ಅಂದ್ರಿ. ರಜಾ ಮಂಜೂರಾತು ಅಂತ ತಿಳಕೊಂಡೆ." ನನಗೆ ನಾಚಿಕೆಯಾಯಿತು. ಮರಿ ಎದ್ದು ನಿಲ್ಲಲು ಒದ್ದಾಡುವುದು ನೋಡಿ ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಅಷ್ಟರಲ್ಲಿ ಮಹಾದೇವಿಯ ಫೋನು. "ಅಪ್ಪ ಹ್ಯಾಂಗದಾರ?" ಎಂದಳು. "ಆರಾಮ ಅದಾರ, ಇಲ್ಲೇ ಕುಂತಾರ," ಎಂದೆ. ಸುಳ್ಳಲ್ಲ. ಅದೇ ಹೊತ್ತಿಗೆ ಕರಿ ಕುರಿ ನನ್ನ ಕಿವಿಯ ಹತ್ತಿರ ಒದರಿತು. "ಕುರಿ ಒದರಾಕತ್ತದಲ್ಲ?" "ಟೀವಿಯೊಳಗಿಂದು," ಎಂದೆ. ಅವಳು ಹೇಳಿದಳು: "ಬೀರಪ್ಪ ಕಾಕಾ ಅರ್ಧ ತಾಸಿನ ಹಿಂದ ಫೋನ್ ಮಾಡಿದ್ರು. ನೀವು ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ. ಇರ್ಲಿ, ಸಂಜೀತನಕ ಅಪ್ಪ ಅಲ್ಲೇ ಇರ್ಲಿ, ಜೀವಕ್ಕ ಹಗುರಾಗ್ತದ. ಆದ್ರ ಮಂಚ ಬಿಟ್ಟು ಇಳೀಬಾರದು. ಅವರ ಬದಲಿ ಕುರಿ ಹಿಂದ ನೀವು ಓಡ್ರಿ."

ಓಡಿದೆ. ಮುಳ್ಳುಕಂಟಿಯೊಳಗೆ ತೂರಿದೆ, ಬದು ಹತ್ತಿಳಿದೆ, ಒಂದು ಟಗರಿನ ಕೈಯಲ್ಲಿ ಸಿಕ್ಕು ತೊಗರಿಯ ಸಾಲಿನಲ್ಲಿ ಅಂಗಾತ ಬಿದ್ದೆ. ಮಾವನವರು ಮಂಚದ ಮೇಲಿಂದ ಕೈಯಾಡಿಸುತ್ತ ಕೂಗುತ್ತಿದ್ದರು: "ಎಡಕ್ಕ ಅಳಿಯಂದ್ರ, ಎಡಕ್ಕ! ಬಗ್ಗ್ರಿ! ಜರಾ ನಿಂದರ್ರಿ! ಈಗ ಓಡ್ರಿ!" ನಾನು ಏದುಸಿರು ಬಿಡುತ್ತ ಮರದ ಹತ್ತಿರ ಬಂದಾಗ ಬೀರಪ್ಪ ಕಾಕಾ ಕೇಳುತ್ತಿದ್ದರು, ಅಳಿಯಂದ್ರು ಹ್ಯಾಂಗ, ಅಡ್ಡಿಯಿಲ್ಲೇನು? ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೇಳಿದಂಗ ಕೇಳ್ತಾರ," ಎಂದರು. "ಆದ್ರ ಗುಂಡಿ ಒತ್ತಿದ ಮ್ಯಾಲ ಹೊರಡಾಕ ಭಾಳ ಹೊತ್ತು ತಗೋತಾರ. ಟೀವ್ಯಾಗಿನ ಮನಷ್ಯಾ ಇವರಕಿಂತ ಚುರುಕ ಇದ್ದ."